ಮುಂದಿನ ನಿಲ್ದಾಣಕ್ಕೆ ಇಳಿಯುವ ತಾಯಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಮಗು ಬೆಳೆಸಿದ ಕಥೆ, ಮತ್ತು ಇಂಥ ಕಥೆಗಳಲ್ಲಿ ಹೆಂಗಸರೆಲ್ಲ ಸಹನೆಯ ಮೂರ್ತಿಗಳಾಗಿರುತ್ತಾರೆ. ನಾನು ಪಾತ್ರೆ ಕುಕ್ಕುವವಳು, ಬಾಗಿಲು ದಢಾರನೆ ಹಾಕಿಕೊಳ್ಳುವವಳು. ಹುಡುಗಿಗೆ ಈಗ ಹದಿನಾಲ್ಕು ವರ್ಷ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. ಯಾರ ಹೆಸರೂ ಹಾಕದಿದ್ದರೆ ಬರೆ ಎಂದಳು. ಹಾಗಾಗಿ ಇಲ್ಲಿ ಯಾರಿಗೂ ಹೆಸರಿಲ್ಲ.

ಧಾರವಾಡದ ಸಪ್ತಾಪುರದ ಈ ಮನೆಗೆ ನಾನು ಎರಡನೆಯವಳಾಗಿ ಬಂದೆ. ಆಗ ನನಗೆ ಮೂವತ್ನಾಲ್ಕು, ಅವಳಿಗೆ ಏಳು. ಅವಳ ತಾಯಿ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು, ಮಾತು ಬಲು ಕಡಿಮೆ. ಆ ಕೊರತೆಯನ್ನು ಅತ್ತೆಯವರು ತುಂಬಿಕೊಡುತ್ತಿದ್ದರು. ಬಂದ ಮೊದಲ ದಿನವೇ ಅತ್ತೆ ಹುಡುಗಿಯನ್ನು ನನ್ನ ಮುಂದೆ ನಿಲ್ಲಿಸಿ, ಇವಳನ್ನು ಅವ್ವ ಎಂದು ಕರಿ ಎಂದರು. ಹುಡುಗಿ ನೆಲ ನೋಡುತ್ತ ನಿಂತಿದ್ದು, ಕಡೆಗೆ "ಕಾಕು" ಅಂದಳು. ನಮ್ಮಲ್ಲಿ ಚಿಕ್ಕಪ್ಪನ ಹೆಂಡತಿಯೂ ಕಾಕು, ಪಕ್ಕದ ಮನೆಯಾಕೆಯೂ ಕಾಕು, ಕಾಯಿಪಲ್ಲೆ ತರಲು ಹೋದಾಗ ಎದುರಿಗೆ ಸಿಕ್ಕವಳೂ ಕಾಕು. ನನಗೆ ಕೆಟ್ಟನಿಸಿತು. ಹುಡುಗಿಯದೇನು ತಪ್ಪು ಎಂದು ನನಗೇ ಹೇಳಿಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಅತ್ತೆಯವರ ಮನೆತನದಲ್ಲಿ ಒಂದು ರೂಢಿಯಿತ್ತು. ಎರಡನೆಯವಳಾಗಿ ಬಂದವಳು ಮೊದಲನೆಯವಳ ನೆನಪಿಗೆ ಒಂದು ಸಣ್ಣ ಬೆಳ್ಳಿಯ ಪದಕವನ್ನು ಕೊರಳಲ್ಲಿ ಹಾಕಿಕೊಳ್ಳಬೇಕು. ಪದಕದ ಮೇಲೆ ಕೈಜೋಡಿಸಿ ನಿಂತ ಹೆಣ್ಣಿನ ಆಕಾರ, ಹೆಬ್ಬೆರಳಿನ ಉಗುರಿನಷ್ಟು. ಹಬ್ಬದ ದಿನ ಕುಂಕುಮವನ್ನು ಮೊದಲು ಆ ಪದಕಕ್ಕೆ ಹಚ್ಚಿ ನಂತರ ತಾನು ಹಚ್ಚಿಕೊಳ್ಳಬೇಕು, ಹೊಸ ಸೀರೆಯನ್ನು ಮೊದಲು ಅದಕ್ಕೆ ತಾಗಿಸಿ ನಂತರ ಉಡಬೇಕು. "ಹಿರಿಯಾಕಿನ್ನ ಹಿಂದ ಬಿಟ್ಟು ಮುಂದ ಹೋಗಬಾರದವಾ" ಎಂದು ಅತ್ತೆ ಅದನ್ನು ನನ್ನ ಅಂಗೈಯಲ್ಲಿಟ್ಟರು. ಈ ಕಾಲದಲ್ಲಿ ಇದೆಂಥದ್ದು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ, ಪಾಪ, ಇವಳಾದರೂ ಎಲ್ಲಿಗೆ ಹೋಗಬೇಕು ಅನಿಸಿತು. ಕರಿಮಣಿಯ ಪಕ್ಕಕ್ಕೇ ಪೋಣಿಸಿಕೊಂಡೆ.

ನನ್ನ ಕೆಲಸ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಚೌಕಟ್ಟಿಗೆ ಸರಿಯಾಗಿ ಕೂಡುವಂತೆ ಉಜ್ಜಿ ಕೂರಿಸುವುದು, ಸಡಿಲಾದ ಕಡ್ಡಿಗಳನ್ನು ಬಿಗಿ ಮಾಡಿಕೊಡುವುದು. ಮದುವೆಗೆ ಮುಂಚಿನಿಂದಲೂ ಮಾಡುತ್ತಿದ್ದೆ, ಬಿಡುವುದಿಲ್ಲ ಎಂದು ಹೇಳಿಯೇ ಮದುವೆಯಾಗಿದ್ದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಧಾರವಾಡದಿಂದ ಬಸ್ಸು, ಸಂಜೆ ಆರಕ್ಕೆ ಹೊಳ್ಳಿ ಬರುವುದು. ಆ ಬಸ್ಸಿನಲ್ಲಿಯೇ ನನಗೆ ಆ ಕಾದಂಬರಿಗಳ ಹುಚ್ಚು ಹತ್ತಿದ್ದು.

ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಕಾದಂಬರಿಗಳು ಅವು. ಎಲ್ಲಿಯೋ ದೂರದ ದೇಶದಲ್ಲಿ ಯಾರೋ ಬರೆದದ್ದು, ಯಂತ್ರವೇ ಕನ್ನಡ ಮಾಡಿದ್ದು. ನಾನು ಹಿಡಿದ ಕಾದಂಬರಿಯಲ್ಲಿ ಒಬ್ಬ ಹೆಂಗಸು ಕಥೆಯಿಂದ ಕಥೆಗೆ ಪ್ರಯಾಣ ಮಾಡುತ್ತಾಳೆ. ಒಂದು ಕಥೆಯಲ್ಲಿ ಕಣ್ಣು ಮುಚ್ಚಿದರೆ ಇನ್ನೊಂದು ಕಥೆಯೊಳಗೆ, ಅಲ್ಲಿಯ ಯಾವಳೋ ಒಬ್ಬಳ ಮೈಯಲ್ಲಿ, ಕಣ್ಣು ತೆರೆಯುತ್ತಾಳೆ. ಪ್ರತಿ ಸಲವೂ ಅವಳ ಕೈಗೆ ತಾಯಿಯಿಲ್ಲದ ಒಂದು ಮಗು ಬರುತ್ತದೆ. ಅದನ್ನು ಉಣ್ಣಿಸಿ, ಓದಿಸಿ, ನಗುವುದನ್ನು ಕಲಿಸಿ ಒಂದು ದಡ ಮುಟ್ಟಿಸಬೇಕು. ಮಗು ಗಟ್ಟಿಯಾಗಿ ನಿಂತ ಕೂಡಲೇ ಅವಳ ತಲೆಯೊಳಗೆ ಒಂದು ಧ್ವನಿ, "ಕಾರ್ಯವು ಪೂರ್ಣಗೊಂಡಿದೆ, ಮುಂದಿನ ಲೋಕಕ್ಕೆ ಸಿದ್ಧರಾಗಿ" ಎನ್ನುತ್ತದೆ. ಅಷ್ಟೇ, ಅವಳು ಮಾಯ. ಇಂಥ ಲೋಕಗಳು ಅದರಲ್ಲಿ ನೂರಾರು ಇದ್ದವು.

ಯಂತ್ರದ ಕನ್ನಡ ನೋಡಬೇಕು ನೀವು. "ಗೌರವಾನ್ವಿತ ತಾಯಿ, ಈ ಮಗುವಿನ ಹೃದಯವು ತಣ್ಣನೆಯ ಗಂಜಿಯಾಗಿ ಮಾರ್ಪಟ್ಟಿದೆ" ಎಂದು ಮನೆಗೆಲಸದವಳು ಬಂದು ಹೇಳುತ್ತಾಳೆ. ಬಸ್ಸಿನಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ಆದರೂ ನವಲೂರು ದಾಟುವ ಹೊತ್ತಿಗೆ ಕಣ್ಣು ಒದ್ದೆಯಾಗಿರುತ್ತಿದ್ದವು. ಉಣಕಲ್ ಕೆರೆ ಬಂದಾಗ ತಲೆಯೆತ್ತಿ ನೋಡಿದರೆ, ಕೆರೆಯ ಮೇಲಿನ ಬೆಳಗಿನ ಮಂಜಿನಲ್ಲಿ ಆಚೆ ದಂಡೆ ಕಾಣುತ್ತಿರಲಿಲ್ಲ. ಆ ದಂಡೆಯಲ್ಲಿ ಇನ್ನೊಂದು ಕಥೆ ಶುರುವಾಗುತ್ತಿರಬಹುದು ಎಂದು ನಂಬುವುದಕ್ಕೆ ನನಗೆ ಏನೂ ಕಷ್ಟವಾಗುತ್ತಿರಲಿಲ್ಲ. ಅರ್ಧ ನಿದ್ದೆ, ಅರ್ಧ ಎಚ್ಚರದಲ್ಲಿ ಹುಬ್ಬಳ್ಳಿ ಬಂದುಬಿಡುತ್ತಿತ್ತು.

ನಗಬೇಡಿ, ತಾಯಿಯಾಗುವುದನ್ನು ನಾನು ಆ ಕಾದಂಬರಿಯಿಂದ ಕಲಿಯಲು ಹೊರಟಿದ್ದೆ. ನನಗೆ ಬೇರೆ ಯಾರು ಹೇಳಿಕೊಡಬೇಕಿತ್ತು? ಒಂದು ಕಂತಿನಲ್ಲಿ ಅವಳು ಮೂರು ದಿನ ಮಗುವಿಗೆ ಒಂದೂ ಬಿರುಸು ಮಾತಾಡದೆ ಅದರ ಮನಸ್ಸು ಗೆಲ್ಲುತ್ತಾಳೆ. ನಾನು ಸೋಮವಾರ ಶುರುಮಾಡಿ ಮಂಗಳವಾರ ಬೆಳಿಗ್ಗೆ ಹಾಲಿನ ಲೋಟದ ಸಲುವಾಗಿ ಒದರಿಬಿಟ್ಟೆ. ಇನ್ನೊಂದರಲ್ಲಿ ಅವಳು ದಾಳಿಂಬೆ ಬಿಡಿಸಿ, ಕಾಳುಗಳನ್ನು ಬಟ್ಟಲಲ್ಲಿ ತುಂಬಿ, ಮಗುವಿನ ಬಾಗಿಲ ಹೊರಗೆ ಇಟ್ಟು ಸದ್ದಿಲ್ಲದೆ ಹೋಗುತ್ತಾಳೆ. ನಾನೂ ಇಟ್ಟೆ. ಹುಡುಗಿ ನೋಡುವುದರೊಳಗೆ ಇರುವೆ ಮುತ್ತಿಕೊಂಡು, ಅತ್ತೆಯವರು ಬಾಗಿಲಲ್ಲಿ ಬಟ್ಟಲಿಟ್ಟವರು ಯಾರು ಎಂದು ಮನೆಯೆಲ್ಲ ಕೇಳುತ್ತ ಹೋದರು. ಹುಡುಗಿ ನನ್ನ ಮುಖ ನೋಡಿದಳು.

ಕಡೆಗೆ ಉಪಯೋಗಕ್ಕೆ ಬಂದದ್ದು ಕಾದಂಬರಿಯ ಉಪಾಯಗಳಲ್ಲ, ಕಾದಂಬರಿಯೇ. ಬೆಳಿಗ್ಗೆ ಅವಳಿಗೆ ಜಡೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವಳು ಬೆನ್ನು ಮಾಡಿ ಕೂರುತ್ತಿದ್ದಳು, ಸಿಕ್ಕು ಬಿಡಿಸುವಾಗ ಹಾ ಹೂ ಎನ್ನದೆ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಆ ಮೌನ ತಡೆಯಲಾರದೆ ಒಂದು ದಿನ ಹಿಂದಿನ ದಿನ ಓದಿದ ಕಂತನ್ನು ಹೇಳತೊಡಗಿದೆ. ನನ್ನ ಬಾಯಲ್ಲಿ ಅಲ್ಲಿಯ ಅರಮನೆ ಸಪ್ತಾಪುರದ ಓಣಿಗೆ ಬಂತು, ಗಂಜಿ ಜೋಳದ ನುಚ್ಚಾಯಿತು, ತಲೆಯೊಳಗಿನ ಧ್ವನಿ ನಮ್ಮ ಬಸ್ಸಿನಲ್ಲಿ ನಿಲ್ದಾಣ ಸಾರುವ ಹೆಂಗಸಿನ ಧ್ವನಿಯಾಯಿತು. "ಮುಂದಿನ ನಿಲ್ದಾಣ, ಇನ್ನೊಂದು ಲೋಕ" ಎಂದು ನಾನು ಮೂಗಿನಿಂದ ಹೇಳಿದಾಗ ಅವಳ ಹೆಗಲು ಅಲುಗಿತು. ನಗುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಅಂದಿನಿಂದ ಬೆಳಗಿನ ಆ ಅರ್ಧ ತಾಸು ನಮ್ಮದಾಯಿತು. ಕಿಟಕಿಯಿಂದ ಎಳೆ ಬಿಸಿಲು ಚಾಪೆಯ ಮೇಲೆ ಬೀಳುತ್ತಿತ್ತು, ಒಳಗೆ ಅತ್ತೆಯವರು ಹಳೆಯ ಯಾವುದೋ ರಾಗ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದರು, ಕೊಬ್ಬರಿ ಎಣ್ಣೆಯ ವಾಸನೆಯಲ್ಲಿ ನಾವಿಬ್ಬರೂ ಲೋಕದಿಂದ ಲೋಕಕ್ಕೆ ಹೋಗಿ ಬರುತ್ತಿದ್ದೆವು. ಹಿಮದ ಲೋಕದಲ್ಲಿ ಒಂದು ಮಗು, ಹಡಗಿನಲ್ಲಿ ಒಂದು ಮಗು, ಮಾತೇ ಬಾರದ ಜನರ ನಡುವೆ ಒಂದು ಮಗು. ಅವಳು ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ಯಾವಾಗಲೂ ಎರಡೇ. ಆ ತಾಯಿ ಬೇರೆಯವರ ಮೈಯಲ್ಲಿ ಬಂದಾಗ ಮಗುವಿಗೆ ಹೇಗೆ ಗುರುತು ಸಿಗುತ್ತದೆ? ಮತ್ತೆ, ಹೋಗುವಾಗ ಹೇಳಿ ಹೋಗುತ್ತಾಳೋ ಇಲ್ಲವೋ? ಗುರುತಿಗೆ ಏನಾದರೂ ಒಂದು ವಸ್ತು ಇರುತ್ತದೆ ಎಂದೆ, ಬಳೆಯೋ ಉಂಗುರವೋ ಕೊರಳಲ್ಲಿ ಏನಾದರೂ. ಹೋಗುವಾಗ ಹೇಳುವುದಿಲ್ಲ ಎಂದೆ, ಕಾದಂಬರಿಯಲ್ಲಿ ಹಾಗೇ ಇತ್ತು. ಏಳು ವರ್ಷದ ಮಗು ಇದನ್ನು ಎಲ್ಲಿಗೆ ಒಯ್ದು ಮುಟ್ಟಿಸುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಅವಳು ಕಾಲು ಮುಂದೆ ಚಾಚಿದಳು. ಪಾದದ ಮೇಲೆ ಹಳೆಯ ಕಲೆಯೊಂದಿತ್ತು. ಇದು ಹೇಗಾಯಿತು ಹೇಳು ಎಂದಳು. ಹೊಲಿಗೆ ಮಷಿನ್ನಿನ ಪೆಡಲಿಗೆ ಸಿಕ್ಕಿದ್ದು ಎಂದು ಅತ್ತೆಯವರು ಎಂದೋ ಹೇಳಿದ್ದು ನೆನಪಿತ್ತು, ಹಾಗೇ ಹೇಳಿದೆ. ಅವಳು ಗಕ್ಕನೆ ಹಿಂತಿರುಗಿ ನನ್ನ ಮುಖವನ್ನಲ್ಲ, ಕೊರಳನ್ನು ನೋಡಿದಳು. ಅರ್ಧ ಹಾಕಿದ ಜಡೆ ನನ್ನ ಕೈಯಿಂದ ಜಾರಿತು. ನೇರ ಕೂಡು ಎಂದು ಗದರಿದೆ. ಅವಳು ನೇರ ಕೂತಳು, ಮತ್ತು ನನಗೆ ನೆನಪಿರುವಂತೆ ಮೊದಲ ಸಲ ನನ್ನ ಮೊಣಕಾಲಿಗೆ ಬೆನ್ನು ಆನಿಸಿದಳು.

ಸಂಗತಿ ಗೊತ್ತಾದದ್ದು ಅದರ ನಂತರದ ರವಿವಾರ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಹಾಗೇ ಅಡ್ಡಾಗಿದ್ದೆ, ಕಣ್ಣು ಎಳೆಯುತ್ತಿತ್ತು. ಹುಡುಗಿ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಪಕ್ಕದಲ್ಲಿ ಕೂತಳು. ನಾನು ಮಲಗಿದ್ದೇನೆ ಎಂದುಕೊಂಡು ನನ್ನ ಕೊರಳಿನ ಬೆಳ್ಳಿಯ ಪದಕವನ್ನು ಎರಡು ಬೆರಳಲ್ಲಿ ಎತ್ತಿದಳು. ಅದಕ್ಕೆ ಬಾಯಿ ಹಚ್ಚಿ ಪಿಸುಗುಟ್ಟಿದಳು.

"ಅವ್ವಾ, ನೀ ಬಂದಿದ್ದು ನಾ ಯಾರಿಗೂ ಹೇಳೂದಿಲ್ಲ."

ಕಣ್ಣು ತೆರೆದು, ಹುಚ್ಚಿ, ಹಾಗಲ್ಲ ಅದು ಎಂದು ಹೇಳಬೇಕಿತ್ತು. ಅವಳ ಉಸಿರು ನನ್ನ ಕೊರಳಿಗೆ ಬಿಸಿಯಾಗಿ ತಾಗುತ್ತಿತ್ತು. ಆ ಮಾತು ನನಗಲ್ಲ ಎಂದು ಗೊತ್ತಿತ್ತು, ಆದರೂ ಆ ಮನೆಯಲ್ಲಿ ಅಷ್ಟು ಹತ್ತಿರ ಬಂದು ನನ್ನ ಜೊತೆ ಯಾರೂ ಮಾತಾಡಿರಲಿಲ್ಲ. ನಾನು ಕಣ್ಣು ತೆರೆಯಲಿಲ್ಲ. ಮಲಗಿದವಳ ಹಾಗೆ ಮಗ್ಗುಲಾಗಿ ಅವಳ ಮೇಲೆ ಕೈ ಹಾಕಿದೆ, ಅವಳು ಅಲ್ಲೇ ಮುದುಡಿಕೊಂಡು ಮಲಗಿದಳು.

ಮುಂದಿನದು ಇನ್ನೂ ಕೆಟ್ಟದ್ದು, ಹೇಳಲು ನಾಚಿಕೆಯಾಗುತ್ತದೆ. ಅವಳು ನನಗೆ ಒಡ್ಡುವ ಪರೀಕ್ಷೆಗಳು ಮುಂದುವರಿಯುತ್ತವೆಂದು ನನಗೆ ಗೊತ್ತಾಗಿತ್ತು. ಅದಕ್ಕೆ ತಯಾರಿ ಮಾಡತೊಡಗಿದೆ. ಅಡುಗೆಮನೆಯಲ್ಲಿ ಅತ್ತೆಯವರ ಜೊತೆ ಬೆಳ್ಳುಳ್ಳಿ ಸುಲಿಯುತ್ತ, ಮೆಲ್ಲಗೆ, ಏನೂ ಗೊತ್ತಿಲ್ಲದವಳಂತೆ ಆ ಹೋದವಳ ಮಾತು ತೆಗೆಯುತ್ತಿದ್ದೆ. ಮುದುಕಿಗೆ ಅಷ್ಟೇ ಸಾಕಿತ್ತು. ಹೋದವಳು ಹತ್ತಿರದ ಮುಗದ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಮಗಳೆಂದೂ, ಅಲ್ಲಿಯ ಕೆರೆಯನ್ನು ಮೊದಲ ಸಲ ನೋಡಿದಾಗ ಈ ಹುಡುಗಿ ಅದನ್ನು ಸಮುದ್ರ ಎಂದಿತ್ತೆಂದೂ, ಜ್ವರ ಬಂದರೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಾಡ್ಯ ಬಿದಿಗೆ ತದಿಗೆ ಎಂದು ತಿಥಿಗಳನ್ನು ಎಣಿಸುತ್ತಿದ್ದಳೆಂದೂ ಹೇಳಿ, ಸೊಸೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸಿಬಿಡುತ್ತಿದ್ದರು. ನಾನು ಅದನ್ನೆಲ್ಲ ಕದ್ದು ಇಟ್ಟುಕೊಳ್ಳುತ್ತಿದ್ದೆ. ಹುಡುಗಿ ಕೇಳಿದಾಗ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ನೆನಪಾಯಿತು ಎಂದು ಹೇಳಿ, ಉತ್ತರ ಕೊಡುತ್ತಿದ್ದೆ. ನನ್ನ ಸುಳ್ಳು ಆ ಒಂದು ಮಾತಿನಲ್ಲಿತ್ತು.

ಎರಡು ವಾರ, ಅಷ್ಟೇ. ಆದರೆ ನನ್ನ ಬದುಕಿನಲ್ಲಿ ಅಂಥ ಎರಡು ವಾರ ಮೊದಲು ಇರಲಿಲ್ಲ. ಅವಳು ನನ್ನ ಕೈಯಿಂದ ಉಣ್ಣುತ್ತಿದ್ದಳು. ಸಂಜೆ ನಾನು ಬಂದ ಕೂಡಲೇ ಸೆರಗು ಹಿಡಿದು ಮನೆಯೆಲ್ಲ ತಿರುಗುತ್ತಿದ್ದಳು. ಎಲ್ಲರೆದುರು ಕಾಕು ಎನ್ನುವಳು, ಇಬ್ಬರೇ ಇದ್ದಾಗ ಏನೂ ಕರೆಯದೆ ಸುಮ್ಮನೆ ಪದಕ ಮುಟ್ಟಿ ನಗುವಳು. ನಾನು ಬಸ್ಸಿನಲ್ಲಿ ಕಾದಂಬರಿ ಓದುವುದನ್ನೇ ಬಿಟ್ಟೆ. ಕಿಟಕಿಗೆ ತಲೆಯಾನಿಸಿ ಕೂತರೆ ಹೊರಗಿನ ಹೊಲಗಳು, ಅಂಗಡಿಗಳು, ಕೆರೆ ಎಲ್ಲವೂ ನೀರೊಳಗಿನಿಂದ ನೋಡಿದಂತೆ ಮೆತ್ತಗೆ ಸರಿಯುತ್ತಿದ್ದವು. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲಕರಿಂದ ಬೈಸಿಕೊಂಡೆ. ಬೈಸಿಕೊಂಡದ್ದಕ್ಕೂ ನನಗೆ ಸಿಟ್ಟು ಬರಲಿಲ್ಲ ಎಂದರೆ ನಾನು ಯಾವ ಲೋಕದಲ್ಲಿದ್ದೆ ಲೆಕ್ಕಹಾಕಿ.

ಆಗ ಶಾಲೆಯಿಂದ ಕರೆ ಬಂತು. ಹುಡುಗಿ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಸೊನ್ನೆ ತೆಗೆದುಕೊಂಡಿದ್ದಳು. ಅಷ್ಟೇ ಅಲ್ಲ, ಊಟದ ಡಬ್ಬಿಯನ್ನು ಬೇರೆ ಮಕ್ಕಳಿಗೆ ಕೊಟ್ಟುಬಿಡುತ್ತಾಳೆ, ಬೇಕೆಂದೇ ಪುಸ್ತಕ ಮರೆತು ಬರುತ್ತಾಳೆ, ಯಾವ ಪ್ರಶ್ನೆಗೂ ಕೈಯೆತ್ತುವುದಿಲ್ಲ ಎಂದು ಅವಳ ತರಗತಿಗೆ ಕಲಿಸುವ ಬಾಯಿಯವರು ಹೇಳಿಕಳಿಸಿದ್ದರು. ತರಗತಿಗೆ ಮೊದಲನೆಯವಳಾಗಿದ್ದ ಹುಡುಗಿ. ಮನೆಯಲ್ಲಿ ಹೊಸ ತಾಯಿ ಬಂದ ಮೇಲೆ ಹೀಗಾಗಿದೆಯೇ ಎಂದೂ ಒಂದು ಮಾತು ಕೇಳಿದ್ದರು. ಅದನ್ನು ಕೇಳಿ ನನ್ನ ನೆತ್ತಿ ಉರಿಯಿತು. ನನ್ನ ಗಂಡ ಮಾತ್ರ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರವಿಕೊಂಡು ಒಂದೊಂದೇ ಲೆಕ್ಕ ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ಎಂಟೂ ಆರೂ ಕೂಡಿದರೆ ಹದಿನೈದು, ಒಂಬತ್ತರಲ್ಲಿ ನಾಲ್ಕು ಕಳೆದರೆ ಆರು, ಏಳು ಮೂರಲೆ ಇಪ್ಪತ್ತೆರಡು. ಹತ್ತು ಲೆಕ್ಕ, ಹತ್ತೂ ತಪ್ಪು, ಪ್ರತಿಯೊಂದರಲ್ಲೂ ಸರಿಯಾದ ಉತ್ತರಕ್ಕಿಂತ ಸರಿಯಾಗಿ ಒಂದು ಹೆಚ್ಚು.

"ಇಕಿಗೆ ಎಲ್ಲಾ ಬರತೈತಿ. ಬೇಕಂತ ತಪ್ಪು ಬರದಾಳ. ಯಾಕಂತ ನೀನ ಕೇಳು, ನಿನಗ ಹೇಳ್ತಾಳ" ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದು ಅಪರೂಪ.

ಮರುದಿನ ಅರ್ಧ ದಿನ ರಜೆ ಹಾಕಿ ನಾನೇ ಶಾಲೆಯಿಂದ ಕರೆತರಲು ಹೋದೆ. ಮಳೆ ಬಂದು ನಿಂತಿತ್ತು, ರಸ್ತೆಯ ಮೇಲೆ ಹಳದಿ ಹೂ ಉದುರಿ ನೀರಿಗೆ ಅಂಟಿಕೊಂಡಿದ್ದವು. ಬಾಡಿಗೆ ಖೋಲಿಗಳ ಕಾಲೇಜು ಹುಡುಗರು ಗಾಡಿಗಳ ಮೇಲೆ ಸರ್ರನೆ ಹೋಗುತ್ತಿದ್ದರು. ಒಂದು ಮರದ ಕೆಳಗಿನ ಕಲ್ಲುಕಟ್ಟೆ ಒರೆಸಿ ಅವಳನ್ನು ಕೂರಿಸಿ, ಪಕ್ಕ ಕೂತೆ. ಎಂಟಕ್ಕೆ ಆರು ಕೂಡಿದರೆ ಎಷ್ಟು ಎಂದು ಕೇಳಿದೆ. ಹದಿನಾಲ್ಕು ಎಂದಳು ತಡವಿಲ್ಲದೆ. ಮತ್ತೆ ಹದಿನೈದು ಯಾಕೆ ಬರೆದೆ ಎಂದೆ. ಬೂಟಿನ ತುದಿಯಿಂದ ಒಂದು ಹೂವನ್ನು ಅತ್ತಿತ್ತ ಸರಿಸಿದಳು.

"ನಾ ಎಲ್ಲಾ ಛಲೋ ಮಾಡಿದ್ರ ಆ ಬಸ್ಸಿನಾಕಿ ಹೇಳ್ತಾಳ. ಆಮ್ಯಾಲ ನೀ ಮುಂದಿನ ಲೋಕಕ್ಕ ಹೋಗ್ತಿ. ಅದಕ್ಕ ನಾ ಛಲೋ ಆಗೂದಿಲ್ಲ."

ಅಯ್ಯ ಶಿವನೇ ಎಂದು ಮನಸ್ಸಿನಲ್ಲೇ ಅಂದೆ. ಈ ಮಗು ಮಧ್ಯಾಹ್ನ ಉಪವಾಸವಿದ್ದು, ಸೊನ್ನೆ ತೆಗೆದುಕೊಂಡು, ಬೈಸಿಕೊಂಡು ನನ್ನನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನನ್ನನ್ನೂ ಅಲ್ಲ, ಅವಳ ಅವ್ವನನ್ನು. ನಾನು ಎರಡು ವಾರ ಹಾಲು ಕುಡಿದ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು ಸುಖಪಟ್ಟಿದ್ದೆ. ಹೇಳಿಬಿಟ್ಟರೆ ಅವಳು ಇನ್ನೆಂದೂ ನನ್ನ ಹತ್ತಿರ ಬರಲಿಕ್ಕಿಲ್ಲ ಎಂದು ನನಗೆ ಖಾತ್ರಿಯಿತ್ತು. ಇನ್ನೊಂದು ಸುಳ್ಳು ಕೂಡ ನಾಲಿಗೆಯ ತುದಿಗೇ ಬಂದಿತ್ತು, ನಾನು ಎಲ್ಲಿಗೂ ಹೋಗುವುದಿಲ್ಲ ಅಂತ ಆ ಧ್ವನಿಯ ಹತ್ತಿರ ಹೇಳಿ ಬಂದಿದ್ದೇನೆ ಎಂದು. ಅದನ್ನು ಹೇಳಿದ್ದರೆ ಅವಳು ನಂಬುತ್ತಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು, ಆ ಸಿಟ್ಟೇ ನನ್ನನ್ನು ಉಳಿಸಿತು.

"ನಾ ನಿಮ್ಮವ್ವ ಅಲ್ಲ" ಎಂದೆ. "ಆಕಿ ನನ್ನೊಳಗ ಬಂದಿಲ್ಲ. ನೀ ಕೇಳಿದ್ದನ್ನೆಲ್ಲಾ ಅಜ್ಜಿ ಕಡೆ ಕೇಳಿಕೊಂಡು ಹೇಳೇನಿ. ಸುಳ್ಳು ಹೇಳೇನಿ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಪದಕವನ್ನೇ ನೋಡುತ್ತಿದ್ದಳು. ಅದು ಬರೀ ಬೆಳ್ಳಿ, ನಿಮ್ಮವ್ವನನ್ನು ಮರೆಯಬಾರದೆಂದು ಅಜ್ಜಿ ಕೊಟ್ಟದ್ದು ಎಂದೆ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಅವಳು ತುಂಬ ಸಣ್ಣ ಧ್ವನಿಯಲ್ಲಿ ಕೇಳಿದಳು.

"ಮತ್ತ ಅವ್ವ ಎಲ್ಲಿ ಇಳದ್ಲು?"

ಈ ಪ್ರಶ್ನೆಗೆ ಅತ್ತೆಯವರ ಹತ್ತಿರವೂ ಉತ್ತರವಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದು ನಾನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳ ಬದಲು ನಾನೇ ಅತ್ತುಬಿಟ್ಟೆ. ಅವಳು ನಾನು ಅಳುವುದನ್ನು ನೋಡುತ್ತ ಕೂತಿದ್ದಳು. ಮನೆಗೆ ಹೊರಟಾಗ, ಏನಾದರೂ ಒಂದು ಖರೇ ಮಾತು ಕೊಡಬೇಕೆನಿಸಿ, ನಾನಂತೂ ದಿನಾ ಹುಬ್ಬಳ್ಳಿಗೆ ಹೋಗುವವಳು, ದಿನಾ ಹೊಳ್ಳಿ ಬರುವವಳು, ನನಗೆ ಗೊತ್ತಿರುವುದು ಅಷ್ಟೇ ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಕೈ ಮಾತ್ರ ಕೊಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅವಳು ಜಡೆ ಹಾಕಿಸಿಕೊಳ್ಳಲು ಅಜ್ಜಿಯ ಹತ್ತಿರ ಹೋದಳು. ಕಣ್ಣು ಮಂಜಾದ ಮುದುಕಿಯ ಕೈಯಲ್ಲಿ ಜಡೆ ಒಂದು ಮೇಲೆ ಒಂದು ಕೆಳಗೆ. ಹಾಗೇ ಶಾಲೆಗೆ ಹೋಗುತ್ತಿದ್ದಳು. ನಾನು ಅತ್ತೆಯವರಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಬೆಳ್ಳುಳ್ಳಿ ಸುಲಿಯುತ್ತ ಕದ್ದ ಮಾತುಗಳನ್ನೂ ಸೇರಿಸಿ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ, ಪದಕ ತೆಗೆ ಎಂದೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗು ಅವಳ ಬಗ್ಗೆ ಎರಡು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ, ಅಷ್ಟಾದರೂ ಬಾಯಿಬಿಟ್ಟಿತಲ್ಲ ಎಂದರು. ಮೊಬೈಲಿನಲ್ಲಿ ಆ ಕಾದಂಬರಿಯ ಹೊಸ ಕಂತುಗಳು ಬಂದು ಬಂದು ಬೀಳುತ್ತಿದ್ದವು. ನಾನು ತೆರೆಯಲಿಲ್ಲ.

ಹತ್ತೋ ಹನ್ನೊಂದೋ ದಿನ ಹೀಗೆ ಹೋಯಿತು. ಒಂದು ರವಿವಾರ ಬೆಳಿಗ್ಗೆ ನಾನು ಬಿಸಿಲಿಗೆ ಕೂತು ಗೋಧಿ ಹಸನು ಮಾಡುತ್ತಿದ್ದೆ. ಎದುರಿಗೆ ನೆರಳು ಬಿತ್ತು. ನೋಡಿದರೆ ಬಾಚಣಿಗೆ ಹಿಡಿದು ನಿಂತಿದ್ದಾಳೆ. ಮುಖ ಗಂಟು ಹಾಕಿಕೊಂಡೇ ಇದ್ದಳು.

"ನಿನಗ ಏನೂ ಗೊತ್ತಿಲ್ಲ" ಎಂದಳು. "ಅವ್ವ ನಡುವಿಗೆ ಬೈತಲಿ ತಗೀತಿದ್ಲು. ನೀ ಯಾವಾಗ್ಲೂ ಬಾಜೂಕ ತಗೀತಿ."

ಹೌದೇ, ನನಗೆ ಗೊತ್ತಿರಲಿಲ್ಲ ಎಂದೆ. ನಡುವೆಯೇ ತೆಗೆಯಲೇ ಎಂದು ಕೇಳಿದೆ. ಅವಳು ಯೋಚಿಸಿದಳು. ಗೋಧಿಯ ಮೊರವನ್ನು ಆಚೆ ಸರಿಸಿ, ನನ್ನ ಮುಂದೆ ಬೆನ್ನು ಮಾಡಿ ಕೂತಳು. ಬೇಡ, ನೀನು ನಿನ್ನ ಹಾಗೇ ತೆಗೆ ಎಂದಳು. ನಾನು ಸಿಕ್ಕು ಬಿಡಿಸತೊಡಗಿದೆ, ಅವಳು ಹೇಳತೊಡಗಿದಳು. ಅವ್ವ ಕೆರೆಗೆ ಇಳಿಯಲು ಹೆದರುತ್ತಿದ್ದಳು. ಅವ್ವನಿಗೆ ಹಾಗಲಕಾಯಿ ಸೇರುತ್ತಿರಲಿಲ್ಲ, ಅಜ್ಜಿ ನೋಡದಿದ್ದಾಗ ಪಲ್ಯವನ್ನು ಇವಳ ತಟ್ಟೆಗೆ ದಾಟಿಸಿಬಿಡುತ್ತಿದ್ದಳು. ಅವ್ವ ಮುಗದದ ಹೊಲದಲ್ಲಿ ಭತ್ತ ನಾಟಿ ಮಾಡುವಾಗ ಇವಳನ್ನು ಬದುವಿನ ಮೇಲೆ ಕೂರಿಸಿ, ಕಪ್ಪೆ ಎಣಿಸು ಎಂದು ಹೇಳುತ್ತಿದ್ದಳು. ಅಜ್ಜಿಗೂ ಗೊತ್ತಿಲ್ಲದ ಸಂಗತಿಗಳು. ನಾನು ಎಲ್ಲಕ್ಕೂ, ನನಗೆ ಗೊತ್ತಿರಲಿಲ್ಲ, ಆಮೇಲೆ ಏನಾಯಿತು ಎನ್ನುತ್ತಿದ್ದೆ. ಪ್ರತಿ ಸಲ ಹಾಗೆಂದಾಗಲೂ ಅವಳು ಇನ್ನೊಂದು ಹೇಳುತ್ತಿದ್ದಳು. ಬಿಸಿಲು ಅಂಗಳದ ಆ ತುದಿಗೆ ಹೋದರೂ ನಮ್ಮ ಜಡೆ ಮುಗಿದಿರಲಿಲ್ಲ. ಅಂದಿನಿಂದ ಬೆಳಗಿನ ಅರ್ಧ ತಾಸಿನಲ್ಲಿ ಕಥೆ ಹೇಳುವವಳು ಅವಳು, ಕೇಳುವವಳು ನಾನು.

ಆದರೆ ಅವಳ ಮನಸ್ಸಿನಲ್ಲಿ ಒಂದು ಎಳೆ ಉಳಿದಿತ್ತು. ಅದು ಗೊತ್ತಾದದ್ದು ಮುಂದಿನ ಕಿರುಪರೀಕ್ಷೆಯಾದ ಮೇಲೆ. ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಗಣಿತದ ಪತ್ರಿಕೆ ತಂದು ಸಹಿ ಮಾಡು ಎಂದು ಮುಂದೆ ಹಿಡಿದಳು. ಹತ್ತಕ್ಕೆ ಹತ್ತು. ಎಂಟೂ ಆರೂ ಇರುವ ಲೆಕ್ಕ ಮತ್ತೆ ಬಂದಿತ್ತು, ಹದಿನಾಲ್ಕು ಎಂದು ಬರೆದಿದ್ದಳು. ಬರೆದು ಅಳಿಸಿ ಮತ್ತೆ ಬರೆದ ಗುರುತಿತ್ತು, ಕಾಗದ ಅಲ್ಲಿ ಸವೆದುಹೋಗಿತ್ತು. ಹಿಂದಿನ ದಿನವೇ ಕೊಟ್ಟ ಪತ್ರಿಕೆಯನ್ನು ರಾತ್ರಿಯೆಲ್ಲ ಚೀಲದಲ್ಲಿ ಇಟ್ಟುಕೊಂಡಿದ್ದು ಈಗ ತಂದಿದ್ದಾಳೆ ಎಂದು ತಿಳಿಯಿತು. ಅವಳ ಕೆಳತುಟಿ ಹಲ್ಲಿಗೆ ಸಿಕ್ಕಿತ್ತು, ಕಣ್ಣು ನನ್ನ ಮುಖದ ಮೇಲಿತ್ತು. ನಾನು ಸಹಿ ಮಾಡಿದೆ. ಶಾಬಾಸ್ ಎಂದರೆ ಆ ಧ್ವನಿ ಕಾರ್ಯ ಪೂರ್ಣಗೊಂಡಿದೆ ಎಂದ ಹಾಗೇ ಅವಳಿಗೆ ಕೇಳೀತು ಎಂದು ಬರೀ ತಲೆ ಸವರಿದೆ, ಬಸ್ಸಿಗೆ ಹೋದೆ.

ದಿನವೆಲ್ಲ ಒಂದೇ ಧ್ಯಾನ. ಅಂಗಡಿಯಲ್ಲಿ ಗಾಜು ಉಜ್ಜುವಾಗ, ಅದನ್ನು ಬೆಳಕಿಗೆ ಹಿಡಿದು ನೋಡುವಾಗ, ಆ ಸವೆದ ಕಾಗದವೇ ಕಣ್ಣ ಮುಂದೆ. ಸಂಜೆ ಮಳೆ ಹಿಡಿದು ಬಸ್ಸು ತಡವಾಯಿತು. ಉಣಕಲ್ ಕೆರೆ ಕಾಣಲೇ ಇಲ್ಲ, ಕಿಟಕಿಗಳೆಲ್ಲ ಬೆಳ್ಳಗೆ ಮಬ್ಬಾಗಿದ್ದವು. ನಿಲ್ದಾಣ ಸಾರುವ ಹೆಂಗಸಿನ ಧ್ವನಿ ಪ್ರತಿ ಸಲ ಬಂದಾಗಲೂ, ಇದು ನನ್ನದಲ್ಲ, ನನ್ನದು ಮುಂದಿದೆ ಎಂದು ಎಣಿಸಿಕೊಳ್ಳುತ್ತಿದ್ದೆ. ಅಂದು ಬಸ್ಸಿನ ಬಾಗಿಲಲ್ಲಿ ಮೊದಲು ನಿಂತವಳು ನಾನೇ.

ಇಳಿದರೆ ನಿಲ್ದಾಣದ ಹೊರಗೆ ಒಂದೇ ಛತ್ರಿಯ ಕೆಳಗೆ ಅತ್ತೆಯವರೂ ಅವಳೂ ನಿಂತಿದ್ದಾರೆ. ಅತ್ತೆಯವರ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಶಾಲೆಯಿಂದ ಬಂದವಳು ಚೀಲ ಕೂಡ ಇಳಿಸದೆ ಇಲ್ಲಿಗೆ ಎಳೆದುಕೊಂಡು ಬಂದಳು, ನಾಲ್ಕೂವರೆಯಿಂದ ನಿಂತಿದ್ದೇವೆ, ಕೂಡು ಎಂದರೆ ಕೂಡುವುದಿಲ್ಲ ಎಂದು ಅವರು ಒಂದೇ ಸಮನೆ ದೂರಿದರು. ಹುಡುಗಿ ಅದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಕಾಕು" ಎಂದಳು. "ಹತ್ತೊಂಬತ್ತು ಬಸ್ ಹೋದ್ವು. ನೀ ಇಪ್ಪತ್ತನೇದ್ರಾಗ ಬಂದಿ."

ಹೌದವ್ವ, ಬಂದೆ ಎಂದೆ. ಅವಳು ನನ್ನ ಕೈಯಿಂದ ಊಟದ ಡಬ್ಬಿಯ ಚೀಲ ಇಸಿದುಕೊಂಡು, ಇನ್ನೊಂದು ಕೈಯನ್ನು ನನ್ನ ಕೈಯೊಳಗೆ ಇಟ್ಟಳು.